ಮುಟ್ಟಿದ್ದು ಯಾವಾಗ? ತೋಟದ ನಡುವಿನ ಕ್ಲಿನಿಕ್ಕಿನಿಂದ ಅತಿಸಂವೇದನೆಯ ಬಗ್ಗೆ

ಮಳೆಗಾಲ ಹಿಡಿಯುವ ಮುನ್ನ ಕಾಫಿ ತೋಟಗಳಲ್ಲಿ ನೆರಳು ಮರಗಳ ಕಪಾತು ನಡೆಯುವ ವಾರಗಳಲ್ಲಿ, ಕೊಡಗಿನ ಸಿದ್ದಾಪುರದ ಕಡೆಯ ನನ್ನ ಕ್ಲಿನಿಕ್ಕಿಗೆ ಒಂದೇ ಬಗೆಯ ಮುಖಗಳು ಮತ್ತೆ ಮತ್ತೆ ಬರುತ್ತವೆ. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿರುತ್ತದೆ, ಕಿವಿ ಕೆಂಪಾಗಿ ದಪ್ಪಗಾಗಿರುತ್ತದೆ, ಮುಂಗೈಯ ಮೇಲೆ ಗೆರೆ ಎಳೆದ ಹಾಗೆ ಸಾಲಾಗಿ ನೀರುಗುಳ್ಳೆಗಳು ಎದ್ದಿರುತ್ತವೆ. ಕಾಡುಗೇರು ಮರದ ಸೋನೆ ತಾಗಿದೆ ಎಂಬುದನ್ನು ಬಂದವರೇ ಹೇಳುತ್ತಾರೆ, ಅದಕ್ಕೆ ವೈದ್ಯರ ಅಗತ್ಯವಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: "ಮುಟ್ಟಿದ್ದು ಯಾವಾಗ?" ಉತ್ತರ ಹೆಚ್ಚಾಗಿ "ಮೊನ್ನೆ, ಡಾಕ್ಟ್ರೇ" ಎಂದೇ ಇರುತ್ತದೆ. ಯಾರಾದರೂ "ಈಗ, ಅರ್ಧ ಗಂಟೆ ಆಯ್ತು" ಎಂದರೆ ನಾನು ಕಾಡುಗೇರನ್ನು ಬಿಟ್ಟು ಬೇರೆ ಕಾರಣವನ್ನು ಹುಡುಕತೊಡಗುತ್ತೇನೆ.

ಈ ಪ್ರಶ್ನೆಗೆ ಇಷ್ಟು ಬೆಲೆ ಏಕೆ ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ. ಕಾಡುಗೇರಿನ ಸೋನೆ, ಜೇನಿನ ವಿಷ, ಹಾವಿನ ಕಡಿತಕ್ಕೆ ಕೊಡುವ ಮದ್ದು, ಗಂಟಲಿನ ಬ್ಯಾಕ್ಟೀರಿಯಾ, ಬೂಸಲು ಹಿಡಿದ ಹುಲ್ಲು – ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು. ಆದರೆ ಇವುಗಳಿಂದ ಬರುವ ಕೆಲವು ಕಾಯಿಲೆಗಳಲ್ಲಿ ಅಂಗಾಂಶಕ್ಕೆ ಹಾನಿ ಮಾಡುವುದು ಆ ವಸ್ತುವಲ್ಲ, ಅದರ ವಿರುದ್ಧ ಎದ್ದು ನಿಂತ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಇದಕ್ಕೇ ಅತಿಸಂವೇದನೆ ಎನ್ನುತ್ತಾರೆ. ಆ ವ್ಯವಸ್ಥೆಯ ಯಾವ ಭಾಗ ಎದ್ದಿದೆ ಎಂಬುದಕ್ಕೆ ತಕ್ಕಂತೆ ನಿಮಿಷಗಳಲ್ಲೋ, ಗಂಟೆಗಳಲ್ಲೋ, ದಿನಗಳಲ್ಲೋ, ವಾರಗಳಲ್ಲೋ ರೋಗ ಕಾಣಿಸಿಕೊಳ್ಳುತ್ತದೆ. ಪ್ರಯೋಗಾಲಯ ದೂರವಿರುವ ನಮ್ಮಂಥ ಊರುಗಳಲ್ಲಿ ಆ ಅಂತರವನ್ನು ಸರಿಯಾಗಿ ಕೇಳಿ ತಿಳಿದರೆ ಅರ್ಧ ರೋಗನಿರ್ಣಯ ಮುಗಿದಂತೆ.

ಕಾಡುಗೇರಿನಿಂದಲೇ ಆರಂಭಿಸುತ್ತೇನೆ. ಈ ಜಾತಿಯ ಮರಗಳು, ಆಯುರ್ವೇದದ ಭಲ್ಲಾತಕ, ನಾವು ತಿನ್ನುವ ಗೋಡಂಬಿ ಮತ್ತು ಮಾವು ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ತೊಗಟೆಯನ್ನು ಕಡಿದಾಗ ಒಸರುವ ಸೋನೆ ಗಾಳಿಗೆ ಕಪ್ಪಾಗುತ್ತದೆ. ಭಲ್ಲಾತಕದ ಕಾಯಿಯ ರಸದಿಂದ ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದುದು ಇದೇ ಗುಣದಿಂದ, ಮತ್ತು ಹಾಗೆ ಗುರುತು ಹಾಕಿದ ಬಟ್ಟೆ ತೊಟ್ಟವರ ಕುತ್ತಿಗೆಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ಕಜ್ಜಿ ಏಳುತ್ತಿದ್ದುದೂ ಉಂಟು. ಈ ಸೋನೆಯಲ್ಲಿ ಕ್ಯಾಟೆಕಾಲ್ ಬಗೆಯ ಸಣ್ಣ ಅಣುಗಳಿವೆ. ಅವುಗಳಿಗೆ ಉದ್ದವಾದ, ಎಣ್ಣೆಯ ಗುಣದ ಇಂಗಾಲದ ಬಾಲವಿರುತ್ತದೆ. ಎಣ್ಣೆಯ ಗುಣದಿಂದಾಗಿ ಅದು ಕೆಲವೇ ನಿಮಿಷಗಳಲ್ಲಿ ಚರ್ಮದೊಳಕ್ಕೆ ಇಳಿಯುತ್ತದೆ. ಹಾಗೆ ಇಳಿದರೂ ಅಷ್ಟು ಸಣ್ಣ ಅಣುವನ್ನು ರೋಗನಿರೋಧಕ ವ್ಯವಸ್ಥೆ ತಾನಾಗಿ ಗುರುತಿಸಲಾರದು. ಅದು ಚರ್ಮದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ರೂಪವನ್ನು ಬದಲಿಸಿದಾಗ ಮಾತ್ರ ತೊಂದರೆ ಶುರುವಾಗುತ್ತದೆ. ಹಾಗೆ ರೂಪ ಕೆಟ್ಟ ಪ್ರೋಟೀನು ನಮ್ಮದೇ ಆಗಿದ್ದರೂ ಈಗ ಪರಕೀಯವಾಗಿ ಕಾಣಿಸುತ್ತದೆ.

ಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಮತ್ತು ಅವುಗಳ ಜೊತೆಗಾರರು ಈ ಬದಲಾದ ಪ್ರೋಟೀನನ್ನು ಎತ್ತಿಕೊಂಡು ಹತ್ತಿರದ ದುಗ್ಧರಸ ಗ್ರಂಥಿಗೆ ಹೋಗಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅದನ್ನು ಗುರುತಿಸಬಲ್ಲ ಕೆಲವೇ ಟಿ ಕೋಶಗಳು ಬೆಳೆದು, ಹೆಚ್ಚಾಗಿ, ರಕ್ತದಲ್ಲಿ ಸುತ್ತಾಡತೊಡಗಲು ಹತ್ತು ದಿನ, ಎರಡು ವಾರ ಬೇಕು. ಮೊದಲ ಸಲ ಮುಟ್ಟಿದವರಿಗೆ ಕೂಡಲೇ ಏನೂ ಆಗದಿರುವುದಕ್ಕೆ ಇದೇ ಕಾರಣ. ತೋಟಕ್ಕೆ ಹೊಸದಾಗಿ ಬಂದ ಕಾರ್ಮಿಕರು "ನನಗೇನೂ ಆಗಲ್ಲ" ಎಂದು ಕಾಡುಗೇರಿನ ಕೊಂಬೆಯನ್ನು ಬರಿಗೈಯಲ್ಲಿ ಎಳೆದು ರಾಶಿ ಹಾಕುವುದನ್ನು ನೋಡಿದ್ದೇನೆ. ಅವರ ಮಾತು ಆ ದಿನದ ಮಟ್ಟಿಗೆ ನಿಜವೇ. ಮುಂದಿನ ಸಲ ಸೋನೆ ತಾಗಿದಾಗ ಟಿ ಕೋಶಗಳು ಸಿದ್ಧವಾಗಿರುತ್ತವೆ. ಅವು ರಕ್ತನಾಳದಿಂದ ಹೊರಬಂದು, ಚರ್ಮವನ್ನು ಸೇರಿ, ಒಂದಕ್ಕೊಂದು ರಾಸಾಯನಿಕ ಸಂದೇಶ ಕಳುಹಿಸಿ ಇನ್ನಷ್ಟು ಕೋಶಗಳನ್ನು ಕರೆಸಿಕೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ. "ಮೊನ್ನೆ" ಎಂಬ ಉತ್ತರದ ಅರ್ಥ ಇದು.

ಬಂದ ಟಿ ಕೋಶಗಳಲ್ಲಿ ಒಂದು ವರ್ಗ, ಸೋನೆಯ ಗುರುತು ಹೊತ್ತ ಚರ್ಮದ ಕೋಶಗಳನ್ನು ನೇರವಾಗಿ ಕೊಲ್ಲುತ್ತದೆ: ಪರ್ಫೊರಿನ್ ಎಂಬ ಪ್ರೋಟೀನಿನಿಂದ ಕೋಶಪೊರೆಯಲ್ಲಿ ತೂತು ಕೊರೆದು, ಅದರ ಮೂಲಕ ಕೋಶ ತಾನಾಗಿ ಸಾಯುವಂತೆ ಮಾಡುವ ಕಿಣ್ವಗಳನ್ನು ಒಳಗೆ ಬಿಡುತ್ತದೆ. ಉಳಿದ ಕೋಶಗಳ ನಡುವೆ ದ್ರವ ತುಂಬಿ ಅವು ಒಂದರಿಂದೊಂದು ದೂರ ಸರಿಯುತ್ತವೆ, ಅದೇ ನೀರುಗುಳ್ಳೆ. ಆ ಗುಳ್ಳೆಯ ನೀರಿನಲ್ಲಿ ಸೋನೆ ಇರುವುದಿಲ್ಲ. ಗುಳ್ಳೆ ಒಡೆದು ನೀರು ಹರಿದಲ್ಲೆಲ್ಲ ಕಜ್ಜಿ ಹಬ್ಬುತ್ತದೆ ಎಂಬುದು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದ ನಂಬಿಕೆ. ಆದರೆ ಮೂರನೆಯ ದಿನ, ಐದನೆಯ ದಿನ ಹೊಸ ಜಾಗಗಳಲ್ಲಿ ಗುಳ್ಳೆ ಏಳುವುದಕ್ಕೆ ಕಾರಣ ಬೇರೆ: ಸೋನೆ ಕಡಿಮೆ ತಾಗಿದ ಅಥವಾ ಚರ್ಮ ದಪ್ಪಗಿರುವ ಜಾಗಗಳಲ್ಲಿ ಅದೇ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಇಲ್ಲವೆಂದರೆ ಕತ್ತಿಯ ಹಿಡಿಯಲ್ಲೋ ಅಂಗಿಯ ತೋಳಿನಲ್ಲೋ ಒಣಗಿ ಉಳಿದ ಸೋನೆ ಮತ್ತೆ ತಾಗುತ್ತಿರುತ್ತದೆ. ಹಾಗಾಗಿ ನಾನು ಕೈ ತೊಳೆಯುವುದಕ್ಕಿಂತ ಕತ್ತಿ ತೊಳೆಯುವ ವಿಷಯವನ್ನೇ ಹೆಚ್ಚು ಹೇಳುತ್ತೇನೆ. ಕಡಿದ ಕೊಂಬೆಗಳನ್ನು ಸುಡಬೇಡಿ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಹೊಗೆಯ ಜೊತೆ ಸೋನೆಯ ಕಣಗಳು ಶ್ವಾಸನಾಳಕ್ಕೆ ಹೋದರೆ ಇದೇ ಗಾಯ ಕಣ್ಣಿಗೆ ಕಾಣದ ಜಾಗದಲ್ಲಿ ಆಗುತ್ತದೆ.

ಗಡಿಯಾಚೆಯ ಮಲಬಾರಿನಲ್ಲಿ ಈ ಮರದ ಕೋಪ ತಣಿಯಲು ತಾರೆ ಮರಕ್ಕೆ ಪ್ರದಕ್ಷಿಣೆ ಬರುವ ಪದ್ಧತಿಯಿದೆ. ಅದನ್ನು ನಾನು ಹೀಯಾಳಿಸುವುದಿಲ್ಲ. ಸೋನೆ ಅಂಟಿದ ಚರ್ಮದ ಕೋಶಗಳು ಉದುರಿಹೋದ ಮೇಲೆ ಟಿ ಕೋಶಗಳಿಗೆ ಕೆಲಸವಿರುವುದಿಲ್ಲ, ಎರಡು-ಮೂರು ವಾರಗಳಲ್ಲಿ ಕಜ್ಜಿ ತಾನಾಗಿ ಇಳಿಯುತ್ತದೆ. ಪ್ರದಕ್ಷಿಣೆ ಬಂದವರಿಗೂ ಇಳಿಯುತ್ತದೆ, ಬಾರದವರಿಗೂ ಇಳಿಯುತ್ತದೆ. ಆದರೆ ಮೆಡಿಕಲ್ ಶಾಪಿನಿಂದ ಐದು ದಿನದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದರ ಬಗ್ಗೆ ನನಗೆ ತಕರಾರಿದೆ. ತೀವ್ರವಾದ ಕಜ್ಜಿಗೆ ಸ್ಟೀರಾಯ್ಡ್ ಬೇಕಾಗುತ್ತದೆ ನಿಜ, ಆದರೆ ಟಿ ಕೋಶಗಳ ಆಟ ಎರಡು-ಮೂರು ವಾರದ್ದಾಗಿರುವಾಗ ಐದನೆಯ ದಿನಕ್ಕೆ ಮಾತ್ರೆ ನಿಲ್ಲಿಸಿದರೆ ಏಳನೆಯ ದಿನಕ್ಕೆ ಮುಖ ಮತ್ತೆ ಊದುತ್ತದೆ, ಮತ್ತು ರೋಗಿ ಅದನ್ನು ಹೊಸ ರೋಗವೆಂದು ತಿಳಿದು ಹೊಸ ಮಾತ್ರೆಗೆ ಹೋಗುತ್ತಾನೆ.

ಕುಶಾಲನಗರದ ಕಡೆಯ ಬಯಲಿನಲ್ಲಿ ಕಾಂಗ್ರೆಸ್ ಕಳೆಯಿಂದ ಬರುವ ಚರ್ಮರೋಗವೂ ಇದೇ ಗುಂಪಿನದು. ಅಲ್ಲಿ ಗಿಡವನ್ನು ಮುಟ್ಟಬೇಕೆಂದೇನೂ ಇಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಕೂರುತ್ತದೆ. ಕಾಡುಗೇರು ವರ್ಷಕ್ಕೊಮ್ಮೆ ಕಾಡಿ ಬಿಡುತ್ತದೆ, ಇದು ಬಿಡುವುದಿಲ್ಲ. ವರ್ಷಗಟ್ಟಲೆ ಕೆರೆದು ಚರ್ಮ ಆನೆಯ ಚರ್ಮದಂತೆ ದಪ್ಪಗೂ ಕಪ್ಪಗೂ ಆಗಿ, ಕೊನೆಗೆ ಊರು ಬಿಟ್ಟರಷ್ಟೇ ಉಪಶಮನ ಎನ್ನುವ ಸ್ಥಿತಿಗೆ ಕೆಲವರು ತಲುಪುತ್ತಾರೆ.

ಈಗ ನಿಮಿಷಗಳ ಲೆಕ್ಕಕ್ಕೆ ಬರೋಣ. ಹೂಮಳೆ ಬಿದ್ದು ಕಾಫಿ ಅರಳುವ ದಿನಗಳಲ್ಲಿ ತೋಟದ ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹದ್ದು ಬಂದು ಕೆಣಕಿದರೂ ಸಾಕು, ಕೆಳಗೆ ಕೆಲಸ ಮಾಡುವವರ ಮೇಲೆ ಅದು ಎರಗುತ್ತದೆ. ಇಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ, ಮತ್ತು ಅವೆರಡನ್ನೂ ಜನ ಒಂದೇ ಎಂದು ತಿಳಿಯುತ್ತಾರೆ. ನೂರಾರು ಹುಳುಗಳು ಕಚ್ಚಿದಾಗ ವಿಷದ ಪ್ರಮಾಣವೇ ಕೊಲ್ಲುವಷ್ಟಿರುತ್ತದೆ. ವಿಷದ ಮೆಲಿಟಿನ್ ಮತ್ತು ಫಾಸ್ಫೋಲೈಪೇಸ್ ಕೆಂಪು ರಕ್ತಕಣಗಳನ್ನೂ ಸ್ನಾಯುಗಳನ್ನೂ ಒಡೆದು, ಆ ಕಸ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಅದು ವಿಷಬಾಧೆ, ಅಲರ್ಜಿಯಲ್ಲ, ಯಾರಿಗಾದರೂ ಆಗಬಹುದು. ಆದರೆ ಒಂದೇ ಒಂದು ತುಡುವೆ ಜೇನು ಕಚ್ಚಿ ಹತ್ತು ನಿಮಿಷದಲ್ಲಿ ಕುಸಿದು ಬೀಳುವ ವ್ಯಕ್ತಿಯಲ್ಲಿ ವಿಷದ ಪ್ರಮಾಣ ಲೆಕ್ಕಕ್ಕೇ ಬರುವುದಿಲ್ಲ. ಅವನಿಗೆ ಹಿಂದೆ ಎಂದೋ ಕಚ್ಚಿದ ಜೇನಿನ ವಿರುದ್ಧ ಐಜಿಇ ಎಂಬ ಪ್ರತಿಕಾಯ (ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನು) ತಯಾರಾಗಿ, ಚರ್ಮ, ಶ್ವಾಸಕೋಶ, ಕರುಳು ಮತ್ತು ರಕ್ತನಾಳಗಳ ಸುತ್ತ ಇರುವ ಮಾಸ್ಟ್ ಕೋಶಗಳ ಮೇಲ್ಮೈಯಲ್ಲಿ ಕುಳಿತಿರುತ್ತದೆ. ಎಲ್ಲ ತಯಾರಿಯೂ ಮೊದಲೇ ಆಗಿರುವುದರಿಂದ ವಿಷದ ಕಣ ಬಂದು ಪಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿದುಕೊಂಡ ಕ್ಷಣದಲ್ಲೇ ಮಾಸ್ಟ್ ಕೋಶ ತನ್ನ ಹರಳುಗಳನ್ನು ಹೊರಹಾಕುತ್ತದೆ.

ಆ ಹರಳುಗಳಲ್ಲಿರುವ ಹಿಸ್ಟಮಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ, ಅವುಗಳ ಒಳಪದರದ ಕೋಶಗಳ ನಡುವೆ ಸಂದು ಮಾಡುತ್ತದೆ. ಹತ್ತು ನಿಮಿಷದೊಳಗೆ ರಕ್ತನಾಳದಲ್ಲಿರುವ ದ್ರವದ ಮೂರನೇ ಒಂದರಷ್ಟು ಅಂಗಾಂಶಗಳಿಗೆ ಸೋರಿಹೋಗಬಲ್ಲದು. ಒಂದು ಹನಿ ರಕ್ತವೂ ಹೊರಗೆ ಚೆಲ್ಲದೆ ರಕ್ತಸ್ರಾವವಾದವನ ಸ್ಥಿತಿ ಬರುತ್ತದೆ. ಗಂಟಲು ಊದುತ್ತದೆ, ಅದೇ ಕೋಶಗಳು ಬಿಡುವ ಲ್ಯೂಕೊಟ್ರೈನು ಎಂಬ ರಾಸಾಯನಿಕಗಳಿಂದ ಶ್ವಾಸನಾಳ ಬಿಗಿಯುತ್ತದೆ. ಇಂಥವನನ್ನು ಎಬ್ಬಿಸಿ ಜೀಪಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ ಕರೆತರುವುದು ಅತ್ಯಂತ ಅಪಾಯಕರ, ಏಕೆಂದರೆ ಹೃದಯಕ್ಕೆ ಮರಳುತ್ತಿದ್ದ ಅಲ್ಪಸ್ವಲ್ಪ ರಕ್ತವೂ ಕಾಲಿಗೆ ಇಳಿದು ಹೃದಯ ಖಾಲಿ ಬಡಿಯುತ್ತದೆ. ಉಸಿರಾಟಕ್ಕೆ ತೀರಾ ಕಷ್ಟವಿಲ್ಲದಿದ್ದರೆ ಮಲಗಿಸಿ, ಕಾಲುಗಳನ್ನು ಎತ್ತಿಟ್ಟು ತರಬೇಕು. ಮದ್ದು ಅಡ್ರಿನಲಿನ್ ಒಂದೇ: ದೊಡ್ಡವರಿಗೆ 0.5 ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರಿನ ಸಣ್ಣ ಆಂಪೂಲಿನ ಅರ್ಧ, ತೊಡೆಯ ಹೊರಭಾಗದ ಸ್ನಾಯುವಿಗೆ; ಬೇಕಾದರೆ ಐದು ನಿಮಿಷದ ಮೇಲೆ ಇನ್ನೊಮ್ಮೆ. ಅದು ಸೋರುವ ನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಹರಳು ಬಿಡದಂತೆ ತಡೆಯುತ್ತದೆ. ನಮ್ಮ ಕಡೆಯ ರೂಢಿಯಾದ ಅವಿಲ್ (ಹಿಸ್ಟಮಿನ್ ತಡೆಯುವ ಮದ್ದು) ಮತ್ತು ಡೆಕ್ಸಾ (ಸ್ಟೀರಾಯ್ಡ್) ಇಂಜೆಕ್ಷನ್ನುಗಳು ತುರಿಕೆ ಇಳಿಸುತ್ತವೆ; ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತಲಾರವು. ಅವುಗಳನ್ನು ಕೊಟ್ಟು ಕಾಯುವ ಹದಿನೈದು ನಿಮಿಷಗಳೇ ಸಾವಿನ ನಿಮಿಷಗಳಾಗಬಹುದು. ದೊಡ್ಡ ತೋಟಗಳ ಡಿಸ್ಪೆನ್ಸರಿಗಳಲ್ಲಿ ಕೂಡ ಅಡ್ರಿನಲಿನ್ ಇಡುವುದಕ್ಕೆ ಹೆದರುತ್ತಾರೆ, ಅವಿಲ್ ಮಾತ್ರ ಡಬ್ಬಿಗಟ್ಟಲೆ ಇರುತ್ತದೆ. ಈ ಹೆದರಿಕೆ ತಿರುಗುಮುರುಗಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪ್ರತಿಕ್ರಿಯೆಗೆ ಅನಾಫಿಲ್ಯಾಕ್ಸಿಸ್ ಎಂಬ ಹೆಸರನ್ನು 1902ರಲ್ಲಿ ಕೊಟ್ಟವರು ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ. ಕಡಲಿನ ಜೀವಿಗಳ ವಿಷಕ್ಕೆ ನಾಯಿಗಳನ್ನು ಒಗ್ಗಿಸಲು ಹೊರಟ ಅವರು, ಮೊದಲ ಡೋಸನ್ನು ತಾಳಿಕೊಂಡ ನಾಯಿ ವಾರಗಳ ನಂತರ ಕೊಟ್ಟ ಅತ್ಯಲ್ಪ ಡೋಸಿಗೆ ನಿಮಿಷಗಳಲ್ಲಿ ಸತ್ತದ್ದನ್ನು ಕಂಡರು. ರಕ್ಷಣೆಯಾಗಬೇಕಿದ್ದ ಅನುಭವವೇ ಕೊಲ್ಲಬಹುದು ಎಂಬ ಈ ಶೋಧಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. ಕೊಲ್ಲುವುದು ರಕ್ತದಲ್ಲಿರುವ ಯಾವುದೋ ವಸ್ತು ಎಂದು ತೋರಿದ್ದು 1921ರಲ್ಲಿ: ಮೀನು ಒಗ್ಗದ ಕುಸ್ಟ್ನರ್ ಎಂಬ ವೈದ್ಯರ ಸೀರಮ್ಮನ್ನು, ಅಂದರೆ ಕಣಗಳಿಲ್ಲದ ರಕ್ತದ ತಿಳಿಯನ್ನು, ಪ್ರಾಸ್ನಿಟ್ಸ್ ಎಂಬ ಇನ್ನೊಬ್ಬ ವೈದ್ಯರು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಗೆ ಮೀನಿನ ಸಾರವನ್ನು ಚುಚ್ಚಿದಾಗ ದದ್ದು ಎದ್ದಿತು. ಆ ವಸ್ತು ಐಜಿಇ ಎಂದು ಇಶಿಝಾಕಾ ದಂಪತಿ ಗುರುತಿಸಿದ್ದು 1966ರಲ್ಲಿ. ಕಾಡುಗೇರಿನಂಥ ಪ್ರತಿಕ್ರಿಯೆಯನ್ನು ಮಾತ್ರ ಹೀಗೆ ಸೀರಮ್ಮಿನಿಂದ ದಾಟಿಸಲು ಬರುವುದಿಲ್ಲ. ಅದಕ್ಕೆ ಜೀವಂತ ಬಿಳಿ ಕೋಶಗಳೇ ಬೇಕು ಎಂಬುದನ್ನು ಗಿನಿಯಿಲಿಗಳಲ್ಲಿ 1942ರಲ್ಲಿ ತೋರಿಸಿದವರು ಲ್ಯಾಂಡ್‌ಸ್ಟೈನರ್ ಮತ್ತು ಚೇಸ್.

ನಿಮಿಷಗಳ ಈ ನಿಯಮಕ್ಕೂ ಒಂದು ಅಪವಾದವಿದೆ, ಹಂದಿ ಮಾಂಸದ ಪಂದಿ ಕರಿಯ ನಾಡಿನಲ್ಲಿ ಅದನ್ನು ಹೇಳದೆ ಇರಲಾಗದು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕೆಲವು ಜಾತಿಯ ಉಣ್ಣೆಗಳು ಕಚ್ಚಿದ ಮೇಲೆ, ಹಂದಿ ಮತ್ತು ದನದ ಮಾಂಸದಲ್ಲಿರುವ ಆಲ್ಫಾ-ಗಾಲ್ ಎಂಬ ಸಕ್ಕರೆಯ ವಿರುದ್ಧ ಐಜಿಇ ಹುಟ್ಟಿಕೊಳ್ಳುತ್ತದೆ. ಆ ಸಕ್ಕರೆ ಕೊಬ್ಬಿನ ಜೊತೆ ನಿಧಾನವಾಗಿ ಜೀರ್ಣವಾಗಿ ರಕ್ತಕ್ಕೆ ಬರುವುದರಿಂದ, ಊಟ ಮುಗಿದು ಮೂರರಿಂದ ಆರು ಗಂಟೆಗಳ ನಂತರ, ನಡುರಾತ್ರಿ, ಮೈತುಂಬ ದದ್ದು ಎದ್ದು ಎಚ್ಚರವಾಗುತ್ತದೆ. ಅಂಥ ರೋಗಿಯನ್ನು ನಾನು ಇನ್ನೂ ನೋಡಿಲ್ಲ. ಆದರೂ ಕಾರಣ ತಿಳಿಯದ ನಡುರಾತ್ರಿಯ ದದ್ದಿಗೆ ಸಂಜೆಯ ಊಟವನ್ನೂ ಉಣ್ಣೆಯ ಕಡಿತವನ್ನೂ ಕೇಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಅನಾಫಿಲ್ಯಾಕ್ಸಿಸ್‌ನಿಂದ ಬದುಕಿ ಉಳಿದವರ ಅಂಗಾಂಶಗಳಲ್ಲಿ ಗುರುತೇ ಉಳಿಯುವುದಿಲ್ಲ. ಅದೇ ಐಜಿಇ ಸಣ್ಣ ಪ್ರಮಾಣದಲ್ಲಿ ದಿನವೂ ಕೆಲಸ ಮಾಡಿದರೆ ಕಥೆ ಬೇರೆ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಸಿ ಕಾಫಿ ಬೀಜದ ದೂಳು ಸೇವಿಸುವವರಲ್ಲಿ ಕೆಲವರಿಗೆ ಮೊದಲು ಸೀನು, ಆಮೇಲೆ ಉಬ್ಬಸ ಬರುತ್ತದೆ. ಹಿಂದೆ ಔಡಲ ಬೀಜ ತುಂಬಿದ್ದ ಗೋಣಿಚೀಲಗಳನ್ನೇ ಕಾಫಿಗೆ ಬಳಸಿದಾಗ ಔಡಲದ ದೂಳೂ ಇದೇ ಕೆಲಸ ಮಾಡಿದ್ದು ದಾಖಲಾಗಿದೆ. ಬೀಜವನ್ನು ಹುರಿದಾಗ ಅಲರ್ಜಿಕಾರಕ ಪ್ರೋಟೀನುಗಳು ಬಹುಪಾಲು ಶಕ್ತಿ ಕಳೆದುಕೊಳ್ಳುವುದರಿಂದ, ಕಾಫಿ ದೂಳಿಗೆ ಉಬ್ಬಸ ಬರುವವನೇ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದು ಆರಾಮವಾಗಿರುತ್ತಾನೆ. ಮೊದಲ ನಿಮಿಷಗಳ ಹಿಸ್ಟಮಿನ್ ಹೋದ ಮೇಲೆ, ನಾಲ್ಕಾರು ಗಂಟೆಗಳ ನಂತರ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ಬಂದು ತಮ್ಮ ವಿಷಕಾರಿ ಪ್ರೋಟೀನುಗಳನ್ನು ಬಿಡುತ್ತವೆ. ಅದು ವರ್ಷಗಟ್ಟಲೆ ನಡೆದರೆ ಒಳಪದರ ಸವೆಯುತ್ತದೆ, ಅದರ ಕೆಳಗಿನ ಪೊರೆ ಗಟ್ಟಿಯಾಗುತ್ತದೆ, ಸ್ನಾಯು ದಪ್ಪವಾಗುತ್ತದೆ, ಆಮೇಲೆ ದೂಳಿಲ್ಲದ ದಿನವೂ ಉಬ್ಬಸ ಇರುತ್ತದೆ. ಉಸಿರು ಕಟ್ಟಿದಾಗ ಮಾತ್ರ ಪಂಪ್ ಹೊಡೆದುಕೊಂಡು, ಪ್ರತಿದಿನದ ಸ್ಟೀರಾಯ್ಡ್ ಇನ್‌ಹೇಲರನ್ನು "ಅಭ್ಯಾಸವಾಗುತ್ತದೆ" ಎಂದು ಬಿಡುವವರು ಈ ಎರಡನೆಯ ಹಾನಿಯನ್ನು ಬೆಳೆಯಲು ಬಿಡುತ್ತಿದ್ದಾರೆ.

ವಾರಗಳ ಲೆಕ್ಕದ ಕಾಯಿಲೆಗಳು ಇವೆರಡಕ್ಕಿಂತ ಮೋಸಗಾರ, ಏಕೆಂದರೆ ಕಾರಣ ಮರೆತುಹೋದ ಮೇಲೆ ಅವು ಬರುತ್ತವೆ. ಕೊಳಕುಮಂಡಲ ಕಚ್ಚಿದ ಕಾರ್ಮಿಕನೊಬ್ಬನಿಗೆ ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟು, ಗುಣವಾಗಿ, ಮನೆಗೆ ಕಳುಹಿಸಿ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ಹತ್ತನೆಯ ದಿನದ ಸುಮಾರಿಗೆ ಜ್ವರ, ಕೀಲುನೋವು, ಮೈತುಂಬ ದದ್ದು ಬರುತ್ತದೆ. ಕಾರ್ಮಿಕರ ಲೈನ್ ಮನೆಗಳಲ್ಲಿ ಹಾವಿನ ವಿಷ ಇನ್ನೂ ಒಳಗೇ ಉಳಿದಿದೆ ಎಂಬ ಮಾತು ಹಬ್ಬುತ್ತದೆ. ಉಳಿದಿರುವುದು ಹಾವಿನ ವಿಷವಲ್ಲ, ಕುದುರೆಯ ಪ್ರೋಟೀನು. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷವನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಿಂದ ಪ್ರತಿಕಾಯ ತೆಗೆದು ಮಾಡುತ್ತಾರೆ. ಜೀವ ಉಳಿಸಿದ ಆ ಕುದುರೆಯ ಪ್ರತಿಕಾಯವೇ ನಮ್ಮ ದೇಹಕ್ಕೆ ಪರಕೀಯ ವಸ್ತು, ಮತ್ತು ಅದರ ವಿರುದ್ಧ ನಾವು ಪ್ರತಿಕಾಯ ತಯಾರಿಸಲು ಹಿಡಿಯುವ ಸಮಯವೇ ಆ ಒಂದೆರಡು ವಾರ.

ಇದನ್ನು ಮೊದಲು ಬಿಡಿಸಿ ಹೇಳಿದವರು ವಿಯೆನ್ನಾದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್. ಗಂಟಲಮಾರಿಗೆ ಕುದುರೆಯ ಸೀರಮ್ ಪಡೆದ ಮಕ್ಕಳಲ್ಲಿ ಸುಮಾರು ಎಂಟರಿಂದ ಹನ್ನೆರಡು ದಿನಗಳ ನಂತರ ಈ ಜ್ವರ ಬರುವುದನ್ನೂ, ಎರಡನೆಯ ಸಲ ಸೀರಮ್ ಕೊಟ್ಟರೆ ಆ ಅಂತರ ಕುಗ್ಗುವುದನ್ನೂ ಕಂಡ ಅವರು, ರೋಗವನ್ನು ಮಾಡುವುದು ಸೀರಮ್ ಅಲ್ಲ, ಸೀರಮ್ಮಿಗೂ ದೇಹ ತಯಾರಿಸಿದ ಪ್ರತಿಕಾಯಕ್ಕೂ ಆಗುವ ಕೂಡಿಕೆ ಎಂದು 1905ರಲ್ಲಿ ವಾದಿಸಿದರು. ಕೇವಲ ದಿನಗಳನ್ನು ಎಣಿಸಿ, ಸೂಕ್ಷ್ಮದರ್ಶಕವನ್ನೂ ಮುಟ್ಟದೆ ಈ ತೀರ್ಮಾನಕ್ಕೆ ಬಂದದ್ದು ನನಗೆ ಇಂದಿಗೂ ಬೆರಗಿನ ಸಂಗತಿ. ಮರುವರ್ಷ ಪಿರ್ಕೆ ಅಲರ್ಜಿ ಎಂಬ ಪದವನ್ನೂ ಸೃಷ್ಟಿಸಿದರು.

ಪ್ರತಿಕಾಯ ಹುಟ್ಟತೊಡಗಿದಾಗ ರಕ್ತದಲ್ಲಿ ಕುದುರೆಯ ಪ್ರೋಟೀನು ಇನ್ನೂ ಉಳಿದಿರುತ್ತದೆ. ಎರಡೂ ಕೂಡಿ ಜಾಲಗಳಾಗುತ್ತವೆ. ಜಾಲ ದೊಡ್ಡದಾದರೆ ಯಕೃತ್ತು ಮತ್ತು ಗುಲ್ಮದ ಕೋಶಗಳು ಅದನ್ನು ನುಂಗಿಹಾಕುತ್ತವೆ. ಪ್ರತಿಜನಕ, ಅಂದರೆ ಪ್ರತಿಕಾಯ ಹಿಡಿಯುವ ವಸ್ತು, ತುಸು ಹೆಚ್ಚಿದ್ದು ಜಾಲಗಳು ಸಣ್ಣವಾಗಿ ಉಳಿದಾಗಲೇ ಅನಾಹುತ. ಅವು ರಕ್ತ ಒತ್ತಡದಿಂದ ಸೋಸಿಹೋಗುವ ಜಾಗಗಳಲ್ಲಿ, ಅಂದರೆ ಮೂತ್ರಪಿಂಡದ ಜರಡಿಗಳು, ಕೀಲುಗಳ ಒಳಪೊರೆ, ಚರ್ಮದ ಸಣ್ಣ ನಾಳಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿ ಚುರುಕಾಗಿ, ಅದರ ತುಣುಕುಗಳ ಕರೆಗೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬರುತ್ತವೆ. ನ್ಯೂಟ್ರೊಫಿಲ್‌ನ ಸ್ವಭಾವ ನುಂಗುವುದು. ಆದರೆ ಪೊರೆಗೆ ಅಂಟಿದ ಜಾಲವನ್ನು ನುಂಗುವುದು, ಗೋಡೆಗೆ ಮೆತ್ತಿದ ಹಿಟ್ಟನ್ನು ಬಾಯಿ ಹಾಕಿ ನುಂಗಲು ಹೋದ ಹಾಗೆ. ನುಂಗಲಾಗದ ಕೋಶ, ತನ್ನ ಒಳಗೆ ಬಳಸಬೇಕಿದ್ದ ಕಿಣ್ವಗಳನ್ನೂ ಆಮ್ಲಜನಕದ ಉಗ್ರ ರೂಪಗಳನ್ನೂ ಅಲ್ಲೇ ಹೊರಗೆ ಚೆಲ್ಲುತ್ತದೆ. ಪೊರೆ ತೂತಾಗುತ್ತದೆ. ಮೂತ್ರದಲ್ಲಿ ಪ್ರೋಟೀನೂ ರಕ್ತವೂ ಕಾಣಿಸಿಕೊಳ್ಳುತ್ತವೆ. ಕುದುರೆಯ ಪ್ರೋಟೀನು ಒಮ್ಮೆ ಮಾತ್ರ ಬಂದದ್ದರಿಂದ ಅದು ಮುಗಿದಂತೆ ರೋಗವೂ ಮುಗಿಯುತ್ತದೆ, ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಲೂಪಸ್ ರೋಗದಲ್ಲಿ ಪ್ರತಿಜನಕ ನಮ್ಮದೇ ಡಿಎನ್‌ಎ, ಅದು ಎಂದೂ ಮುಗಿಯುವುದಿಲ್ಲ. ಅಲ್ಲಿ ಜಾಲಗಳು ವರ್ಷಗಟ್ಟಲೆ ಬೀಳುತ್ತಲೇ ಇರುತ್ತವೆ.

ಈ ಜ್ವರಕ್ಕೆ ಹೆದರಿ ಹಾವಿನ ಕಡಿತಕ್ಕೆ ಪ್ರತಿವಿಷವನ್ನು ನಿರಾಕರಿಸಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಜ್ವರಕ್ಕೆ ಮದ್ದಿದೆ, ಕೊಳಕುಮಂಡಲದ ವಿಷಕ್ಕೆ ಪ್ರತಿವಿಷ ಬಿಟ್ಟರೆ ಬೇರೆ ಮದ್ದಿಲ್ಲ. ಬಿಡುಗಡೆಯ ಚೀಟಿಯಲ್ಲಿ "ಎರಡು ವಾರದೊಳಗೆ ಜ್ವರ, ಕೀಲುನೋವು ಬಂದರೆ ಬನ್ನಿ" ಎಂಬ ಒಂದು ಸಾಲು ಬರೆದರೆ ಎಷ್ಟೋ ಗಾಬರಿ ತಪ್ಪುತ್ತದೆ. ಅದನ್ನು ಬರೆಯುವವರು ಕಡಿಮೆ.

ಮಳೆಗಾಲದಲ್ಲಿ ಮಕ್ಕಳ ಕಾಲಿನ ಮೇಲೆ ಕೀವುಗುಳ್ಳೆಗಳಾಗುತ್ತವೆ, ತಾಯಂದಿರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಳ್ಳೆ ಒಣಗಿ ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಮಗುವಿನ ಮುಖ ಊದಿರುತ್ತದೆ, ಮೂತ್ರ ಡಿಕಾಕ್ಷನ್ ಬಣ್ಣದಲ್ಲಿರುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಪ್ರೋಟೀನುಗಳೂ ಅವುಗಳ ವಿರುದ್ಧದ ಪ್ರತಿಕಾಯಗಳೂ ಮೂತ್ರಪಿಂಡದ ಜರಡಿಯಲ್ಲಿ ಕೂಡಿದ ಫಲ ಇದು. ಗಂಟಲಿನ ಸೋಂಕಾಗಿದ್ದರೆ ಅಂತರ ಸುಮಾರು ಹತ್ತು ದಿನ. ಮೂತ್ರಪಿಂಡದಲ್ಲಿ ಹುಡುಕಿದರೆ ಜೀವಂತ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ ಎಂಬುದೇ ಸಮಾಧಾನ. ಅದೇ ಬ್ಯಾಕ್ಟೀರಿಯಾದ ಗಂಟಲುನೋವಿನ ನಂತರ ಬರುವ ರುಮ್ಯಾಟಿಕ್ ಜ್ವರದಲ್ಲಿ ಆ ಸಮಾಧಾನವಿಲ್ಲ: ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನಿಗೂ ಹೃದಯದ ಅಂಗಾಂಶಕ್ಕೂ ಹೋಲಿಕೆ ಇರುವುದರಿಂದ, ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಮತ್ತು ಟಿ ಕೋಶಗಳು ಇನ್ನೊಂದನ್ನೂ ಹಿಡಿಯುತ್ತವೆ, ಮತ್ತು ಹೃದಯದ ಕವಾಟಗಳು ಜನ್ಮಪೂರ್ತಿ ಕೆಡಬಹುದು.

ಪ್ರತಿಕಾಯ ನೇರವಾಗಿ ಕೋಶದ ಮೇಲೇ ಹೋಗಿ ಕೂರುವ ಈ ಬಗೆಗೆ ಸರಳ ಉದಾಹರಣೆ ರಕ್ತ. 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದವರು ಗಿನಿಯಿಲಿಗಳ ಪ್ರಯೋಗದಲ್ಲಿ ಮೇಲೆ ಬಂದ ಅದೇ ಲ್ಯಾಂಡ್‌ಸ್ಟೈನರ್. ಎ, ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳು ರಕ್ತ ಪಡೆಯುವ ಮೊದಲೇ ನಮ್ಮಲ್ಲಿರುವುದರಿಂದ, ತಪ್ಪು ಗುಂಪಿನ ರಕ್ತ ಕೆಲವೇ ನಿಮಿಷಗಳಲ್ಲಿ ಒಡೆದು ಕೆಂಪು ಮೂತ್ರವಾಗಿ ಹೊರಬರುತ್ತದೆ. ಆರ್‌ಎಚ್ ನೆಗೆಟಿವ್ ತಾಯಿಗೆ ಆರ್‌ಎಚ್ ಪಾಸಿಟಿವ್ ಮಕ್ಕಳಾದಾಗ ಹಾಗಲ್ಲ, ಅವಳಲ್ಲಿ ಪ್ರತಿಕಾಯ ಮೊದಲ ಹೆರಿಗೆಯ ನಂತರ ಹುಟ್ಟಿ, ಎರಡನೆಯ ಮಗುವಿನ ರಕ್ತಕಣಗಳನ್ನು ಗರ್ಭದಲ್ಲೇ ಒಡೆಯುತ್ತದೆ. ಹೆರಿಗೆಯಾಗಿ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಅದನ್ನು ತಡೆಯುತ್ತದೆ. ಗರ್ಭಪಾತವಾದಾಗಲೂ ಅದು ಬೇಕು ಎಂಬುದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

1963ರಲ್ಲಿ ಜೆಲ್ ಮತ್ತು ಕೂಂಬ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಇವನ್ನೆಲ್ಲ ನಾಲ್ಕು ವಿಧಗಳಾಗಿ ಜೋಡಿಸಿದರು: ಜೇನಿನ ಐಜಿಇ ಒಂದನೆಯದು, ರಕ್ತಕಣದ ಮೇಲಿನ ಪ್ರತಿಕಾಯ ಎರಡನೆಯದು, ಜಾಲಗಳು ಮೂರನೆಯದು, ಕಾಡುಗೇರಿನ ಟಿ ಕೋಶಗಳು ನಾಲ್ಕನೆಯದು. ಪರೀಕ್ಷೆಗೆ ಓದುವವರಿಗೆ ಇದು ಒಳ್ಳೆಯ ಪಟ್ಟಿ. ರೋಗಗಳು ಮಾತ್ರ ಈ ಪಟ್ಟಿಯನ್ನು ಓದಿಲ್ಲ. ಹುತ್ತರಿ ಕಳೆದು ಬತ್ತ ಒಕ್ಕಿದ ಮೇಲೆ ಮೆದೆ ಒಟ್ಟಿದ ಹುಲ್ಲು ಮುಂದಿನ ಮಳೆಗಾಲದಲ್ಲಿ ಒಳಗೇ ಬಿಸಿಯಾಗಿ ಬೂಸಲು ಹಿಡಿಯುತ್ತದೆ. ದನಗಳಿಗೆ ಅದನ್ನು ಹಿರಿದು ಹಾಕುವವರು ಬೆಳಿಗ್ಗೆ ದೂಳು ಸೇವಿಸಿ, ಸಂಜೆಗೆ, ಅಂದರೆ ನಾಲ್ಕರಿಂದ ಎಂಟು ಗಂಟೆಗಳ ನಂತರ, ಚಳಿಜ್ವರ, ಒಣಕೆಮ್ಮು, ಏದುಸಿರಿನಿಂದ ನರಳುತ್ತಾರೆ. ಮರುದಿನಕ್ಕೆ ಇಳಿಯುತ್ತದೆ, ಮತ್ತೆ ಹುಲ್ಲು ಹಿರಿದಾಗ ಬರುತ್ತದೆ. ನ್ಯುಮೋನಿಯಾ ಎಂದು ಆಂಟಿಬಯಾಟಿಕ್ ಕೊಟ್ಟರೆ ಗುಣವಾದಂತೆಯೇ ಕಾಣುತ್ತದೆ, ಏಕೆಂದರೆ ಆ ದಿನಗಳಲ್ಲಿ ರೋಗಿ ಕೊಟ್ಟಿಗೆಗೆ ಹೋಗಿರುವುದಿಲ್ಲ. ಇದರಲ್ಲಿ ಮೂರನೆಯ ವಿಧದ ಜಾಲಗಳೂ ಇವೆ, ನಾಲ್ಕನೆಯ ವಿಧದ ಟಿ ಕೋಶಗಳೂ ಇವೆ. ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶದ ಗಾಳಿಗೂಡುಗಳ ನಡುವೆ ನಾರು ಬೆಳೆದು ಅದು ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಆ ನಾರನ್ನು ಕರಗಿಸುವ ಮದ್ದಿಲ್ಲ. ಹುಲ್ಲನ್ನು ಒಣಗಿಸಿ ಒಟ್ಟುವುದು, ಬೂಸಲು ಬಂದದ್ದನ್ನು ಬೇರೆಯವರು ಹಿರಿಯುವುದು, ಇದೇ ಚಿಕಿತ್ಸೆಯ ಮುಖ್ಯ ಭಾಗ.

ಕೊನೆಯದಾಗಿ ಕ್ಷಯ. ಕ್ಷಯದ ಬ್ಯಾಕ್ಟೀರಿಯಾಗೆ ತನ್ನದೇ ಆದ ಪ್ರಬಲ ವಿಷವಿಲ್ಲ. ಶ್ವಾಸಕೋಶದಲ್ಲಿ ಗುಹೆಯಂಥ ಕುಳಿಗಳನ್ನು ಮಾಡುವುದು, ಅದನ್ನು ಸುತ್ತುವರಿದ ಟಿ ಕೋಶಗಳು ಮತ್ತು ಅವು ಹುರಿದುಂಬಿಸಿದ ಮ್ಯಾಕ್ರೊಫೇಜ್ ಎಂಬ ನುಂಗುವ ಕೋಶಗಳು. ರಾಬರ್ಟ್ ಕಾಖ್ 1890ರಲ್ಲಿ ಕ್ಷಯಕ್ಕೆ ಮದ್ದೆಂದು ಘೋಷಿಸಿದ ಟ್ಯುಬರ್‌ಕ್ಯುಲಿನ್ ರೋಗಿಗಳಲ್ಲಿ ಉಗ್ರ ಜ್ವರ ತಂದು ಕೆಲವರ ಜೀವವನ್ನೇ ತೆಗೆದದ್ದು ಈ ಟಿ ಕೋಶಗಳನ್ನು ಕೆಣಕಿದ್ದರಿಂದ. ಮದ್ದಾಗಿ ಸೋತ ಅದೇ ದ್ರವವನ್ನು ಚರ್ಮಕ್ಕೆ ತಾಗಿಸಿ, ಸೋಂಕಿನ ಗುರುತು ಹಿಡಿಯಲು ಬಳಸಬಹುದೆಂದು 1907ರಲ್ಲಿ ತೋರಿಸಿದವರು ಮತ್ತೆ ಪಿರ್ಕೆ. ಇಂದು ಮ್ಯಾಂಟೂ ಪರೀಕ್ಷೆಯ ಇಂಜೆಕ್ಷನ್ ಕೊಟ್ಟು 48ರಿಂದ 72 ಗಂಟೆಗಳ ನಂತರ ಬನ್ನಿ ಎನ್ನುವುದು ಕಾಡುಗೇರಿನ "ಮೊನ್ನೆ"ಯ ಲೆಕ್ಕವೇ.

ಎಚ್‌ಐವಿಯಿಂದ ಟಿ ಕೋಶಗಳು ತೀರಾ ಕುಗ್ಗಿದ ಕ್ಷಯ ರೋಗಿಯ ಎಕ್ಸ್-ರೇಯಲ್ಲಿ ಬ್ಯಾಕ್ಟೀರಿಯಾ ತುಂಬಿದ್ದರೂ ಕುಳಿಗಳು ವಿರಳ. ಎಚ್‌ಐವಿಗೆ ಚಿಕಿತ್ಸೆ ಶುರುವಾಗಿ ಟಿ ಕೋಶಗಳು ಮರಳಿದ ವಾರಗಳಲ್ಲಿ ಅದೇ ರೋಗಿಯ ಗಂಟುಗಳು ಊದಿ, ಜ್ವರ ಏರಿ, ರೋಗ ಉಲ್ಬಣಿಸಿದಂತೆ ಕಾಣುತ್ತದೆ. ಮಿದುಳಿನ ಪೊರೆಯ ಕ್ಷಯದಲ್ಲಿ ಕ್ಷಯದ ಮಾತ್ರೆಗಳ ಜೊತೆಗೇ ಡೆಕ್ಸಾಮೆಥಸೋನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ. "ಸೋಂಕಿರುವಾಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ಯಾಕೆ ಬರೆದಿದ್ದಾರೆ, ಹೆಚ್ಚಿಸುವ ಕಷಾಯ ಕೊಡಬೇಕಲ್ಲವೇ" ಎಂದು ಆಸ್ಪತ್ರೆಯ ಚೀಟಿ ಹಿಡಿದು ಮನೆಯವರು ನನ್ನ ಬಳಿ ಕೇಳಲು ಬರುತ್ತಾರೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಕೆಲಸ ಮಾತ್ರೆಗಳದ್ದು. ಬಿಗಿಯಾದ ತಲೆಬುರುಡೆಯೊಳಗೆ ಊತವನ್ನು ತಂದು ಮಿದುಳನ್ನು ಒತ್ತುತ್ತಿರುವುದು ಅವರದೇ ಟಿ ಕೋಶಗಳು. ಹಾಗಾಗಿ ಡೆಕ್ಸಾಮೆಥಸೋನನ್ನು ಚೀಟಿಯಲ್ಲಿ ಬರೆದಿರುವಷ್ಟು ವಾರ, ಬರೆದ ಹಾಗೆ ಇಳಿಸುತ್ತಾ, ನಡುವೆ ನಿಲ್ಲಿಸದೆ ಕೊಡಿ ಎಂದು ಹೇಳಿ ಕಳುಹಿಸುತ್ತೇನೆ.